ಯುದ್ಧ ಮುಗಿದ ಸುದ್ದಿ

ಶೇರು ಪೇಟೆ ಬೆಲೆ ಕಟ್ಟುವುದು ನಡೆದುಹೋದ ಸಂಗತಿಗಿಂತ ಹೆಚ್ಚಾಗಿ ನಡೆಯಬಹುದಾದ ಸಂಗತಿಗೆ. ನಾಳೆ ಏನಾಗಬಹುದೆಂದು ಇಂದೇ ಊಹಿಸಿ ಜನ ಹಣ ಹೂಡುತ್ತಾರೆ. ಈ ಊಹೆ ಒಂದು ನಗರವನ್ನೇ ಏರಿಸಿ ಬೀಳಿಸಿದ ಕತೆಯನ್ನು ತಿಳಿಯಬೇಕಾದರೆ ನಾವು 1860ರ ದಶಕದ ಮುಂಬಯಿಗೆ ಹೋಗಬೇಕು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹತ್ತಿಯಿಲ್ಲದೆ ಕಂಗೆಟ್ಟ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದವು. ನಮ್ಮ ಧಾರವಾಡದ ಹತ್ತಿಗೂ ಬೇಡಿಕೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಆ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಆಸೆಯೂ ಇತ್ತು.

ಹತ್ತಿಯಿಂದ ಹರಿದುಬಂದ ಹಣ ಮುಂಬಯಿಯಲ್ಲಿ ಹೊಸ ಬ್ಯಾಂಕು, ಹೊಸ ಕಂಪನಿಗಳಾಗಿ ಹುಟ್ಟಿತು. ಸಮುದ್ರ ತುಂಬಿಸಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಶೇರು 50,000ದ ಆಸುಪಾಸಿಗೆ ಏರಿತು. ನೆಲವಿನ್ನೂ ನೀರಿನಡಿಯಲ್ಲೇ ಇತ್ತು. ದಲ್ಲಾಳಿ ಪ್ರೇಮಚಂದ್ ರಾಯಚಂದ್ ಹೇಳಿದ ಕಡೆಗೆ ಹಣ ಹರಿಯುತ್ತಿತ್ತು. ಸರಕಾರದ ಪಾಲಿದ್ದ ಬ್ಯಾಂಕ್ ಆಫ್ ಬಾಂಬೆ ಶೇರುಗಳನ್ನೇ ಒತ್ತೆ ಇಟ್ಟುಕೊಂಡು ಸಾಲ ಕೊಟ್ಟಿತು. ಕೈಯಲ್ಲಿ ದುಡ್ಡಿಲ್ಲದವರು ವಾಯಿದೆ ವ್ಯಾಪಾರಕ್ಕೆ ಇಳಿದರು.

ಯುದ್ಧ ಒಂದು ದಿನ ಮುಗಿಯುತ್ತದೆಂದು ಇವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ತಾನು ಮಾರಿದ ಮೇಲೆ ಮುಗಿಯುತ್ತದೆ ಎಂಬುದು ಪ್ರತಿಯೊಬ್ಬನ ಲೆಕ್ಕವಾಗಿತ್ತು. ಎಲ್ಲರ ಲೆಕ್ಕವೂ ಒಂದೇ ಆದಾಗ ಕೊಳ್ಳುವವರೇ ಉಳಿಯುವುದಿಲ್ಲ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಮುಂಬಯಿ ಮುಟ್ಟಿದೊಡನೆ ಹತ್ತಿಯ ಬೆಲೆ ಕುಸಿಯಿತು, ಅದರ ಬೆನ್ನಿಗೆ ಶೇರುಗಳೂ ಉರುಳಿದವು. ಜುಲೈ 1ಕ್ಕೆ ವಾಯಿದೆಗಳ ಗಡುವು ಬಂದಾಗ ಕೊಟ್ಟ ಮಾತು ನಡೆಸಲಾಗದೆ ನೂರಾರು ಮಂದಿ ದಿವಾಳಿಯಾದರು. ಒಮ್ಮೆ 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು 87ಕ್ಕೆ ಇಳಿಯಿತು. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಬೇಕಾಯಿತು.

ಈ ಕತೆಯಲ್ಲಿ ನಮ್ಮನ್ನು ಕಾಡುವುದು ಕಳೆದುಹೋದ ಹಣವಲ್ಲ. ಆ ಯುದ್ಧದ ಕೊನೆಯೊಂದಿಗೆ ಅಮೆರಿಕದ ಸುಮಾರು 40 ಲಕ್ಷ ಗುಲಾಮರ ಸಂಕೋಲೆ ಕಳಚಿತು. ಮನುಕುಲ ಹಬ್ಬ ಮಾಡಬೇಕಾದ ಆ ಸುದ್ದಿ ಮುಂಬಯಿಯ ಪೇಟೆಗೆ ಸಾವಿನ ಸುದ್ದಿಯಾಯಿತು. ಆ ವರ್ತಕರು, ಗುಮಾಸ್ತರು ಕ್ರೂರಿಗಳಾಗಿರಲಿಲ್ಲ. ಆದರೆ ಅವರ ಸಂಪತ್ತು ದೂರದ ನಾಡಿನ ರಕ್ತಪಾತ ನಿಲ್ಲದಿರುವುದರ ಮೇಲೆ ನಿಂತಿತ್ತು.

ಕಾಲ ಬದಲಾದರೂ ಪೇಟೆಯ ಗುಣ ಬದಲಾಗಿಲ್ಲ. 2024ರ ಜೂನ್ 3ರಂದು ಚುನಾವಣಾ ಸಮೀಕ್ಷೆಗಳನ್ನು ನಂಬಿ ಸೆನ್ಸೆಕ್ಸ್ 2,500 ಅಂಶಗಳಷ್ಟು ಜಿಗಿಯಿತು. ಮರುದಿನ ನಿಜವಾದ ಮತ ಎಣಿಕೆಯಾದಾಗ 4,300ಕ್ಕೂ ಹೆಚ್ಚು ಅಂಶ ಕುಸಿಯಿತು. ಇಂದು ನಮ್ಮ ಹಳ್ಳಿಗಳ ಯುವಕರೂ ಮೊಬೈಲಿನಲ್ಲಿ ಶೇರು ಕೊಳ್ಳುತ್ತಾರೆ. ಬೆಲೆ ಏರುತ್ತದೆಯೇ ಎಂದು ಕೇಳುವ ಮೊದಲು ಅವರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಹಣ ಬೆಳೆಯಬೇಕಾದರೆ ಜಗತ್ತಿನಲ್ಲಿ ಏನು ನಡೆಯಬೇಕು, ಅದು ನಡೆಯಲಿ ಎಂದು ನಾವು ಮನಸಾರೆ ಬಯಸಬಲ್ಲೆವೇ?