ಕಿಪ್ಲಿಂಗ್ ಕವಿಯೂ ಯುದ್ಧಕಚೇರಿಯ ಕಾಗದಗಳೂ

ಯುದ್ಧಚರಿತ್ರೆಯೆಂದರೆ ದಂಡುಗಳ ಚಲನವಲನ, ಸೇನಾಪತಿಗಳ ಯುಕ್ತಿ, ಜಯಾಪಜಯಗಳ ವರ್ಣನೆ ಎಂಬ ಭಾವನೆಯು ರೂಢಿಯಾಗಿದೆ. ಆದರೆ ಪ್ರತಿಯೊಬ್ಬ ಯೋಧನ ಹಿಂದೆಯೂ ಒಂದು ಮನೆಯಿರುವುದು. ಆ ಮನೆಗೂ ರಣಭೂಮಿಗೂ ನಡುವೆ ಒಂದು ಕಚೇರಿಯಿರುವುದು. ಮಗನನ್ನು ದಂಡಿಗೆ ಸೇರಿಸುವ ಅರ್ಜಿ, ವೈದ್ಯನ ಪರೀಕ್ಷಾಪತ್ರ, ಹೊರದೇಶಕ್ಕೆ ಕಳುಹಿಸಲು ತಂದೆಯ ಒಪ್ಪಿಗೆ, ಗಾಯಗೊಂಡನೆಂಬ ತಂತಿ, ಮೃತನೆಂಬ ನಿರ್ಣಯ, ಇವೆಲ್ಲವೂ ಆ ಕಚೇರಿಯ ಮೂಲಕವೇ ನಡೆಯತಕ್ಕವು. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ತಂದೆತಾಯಿಗಳು ಈ ಕಾಗದಗಳ ದಾರಿಯನ್ನು ತುಳಿದರು. ಅವರಲ್ಲಿ ಬಹುಮಂದಿಯ ಹೆಸರೂ ನಮಗೆ ತಿಳಿಯದು. ಲೋಕವಿಖ್ಯಾತನಾದ ಒಬ್ಬನ ಕಥೆಯು ಮಾತ್ರ ಆದಿಯಿಂದ ಅಂತ್ಯದವರೆಗೆ ಉಳಿದುಬಂದಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರಡ್ಯರ್ಡ್ ಕಿಪ್ಲಿಂಗನು ೧೮೬೫ನೆಯ ಇಸವಿ ಡಿಸೆಂಬರ್ ೩೦ರಂದು ಮುಂಬಯಿಯಲ್ಲಿ ಹುಟ್ಟಿದವನು. ಲಾಹೋರು, ಅಲಹಾಬಾದುಗಳಲ್ಲಿ ವೃತ್ತಪತ್ರಿಕೆಯ ಕೆಲಸ ಮಾಡಿ, ಕಥೆ ಕವಿತೆಗಳಿಂದ ಕೀರ್ತಿಶಾಲಿಯಾಗಿ, ೧೯೦೭ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಬ್ರಿಟಿಷ್ ಸಾಮ್ರಾಜ್ಯದ ಹೊಗಳುಭಟನೆಂದು ಅವನಿಗೆ ಪ್ರಸಿದ್ಧಿಯುಂಟು. ಅವನ ಬರಹದಲ್ಲಿ ನಮ್ಮ ದೇಶೀಯರಿಗೆ ಕಹಿಯಾದ ಮಾತುಗಳು ಕಡಮೆಯಿಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬನೇ ಮಗ. ಹಿರಿಯ ಮಗಳು ೧೮೯೯ರಲ್ಲಿ ನ್ಯೂಯಾರ್ಕಿನಲ್ಲಿ ಜ್ವರದಿಂದ ತೀರಿಕೊಂಡಳು. ಮಗ ಜಾನನು ಹುಟ್ಟಿದ್ದು ೧೮೯೭ನೆಯ ಆಗಸ್ಟ್ ೧೭ರಂದು. ಅವನನ್ನು ನೌಕಾದಳಕ್ಕೆ ಸೇರಿಸಬೇಕೆಂದು ತಂದೆಗೆ ಆಸೆಯಿದ್ದಿತು. ಹುಡುಗನ ದೃಷ್ಟಿಯು ಬಹು ಮಂದವಾಗಿದ್ದುದರಿಂದ ಆ ಆಸೆಯು ಕೈಗೂಡಲಿಲ್ಲ.

೧೯೧೪ನೆಯ ಆಗಸ್ಟ್ ೪ರಂದು ಬ್ರಿಟನ್ನು ಯುದ್ಧಕ್ಕಿಳಿಯಿತು. ಹದಿನೇಳನೆಯ ವಯಸ್ಸಿನ ಅಂಚಿನಲ್ಲಿದ್ದ ಜಾನನು ಸೇನಾಧಿಕಾರಿಯ ಪದವಿಗೆ ಅರ್ಜಿ ಹಾಕಿದನು. ವೈದ್ಯರು ಅವನ ಕಣ್ಣುಗಳನ್ನು ಪರೀಕ್ಷಿಸಿ ಅಯೋಗ್ಯನೆಂದು ಬರೆದರು. ಈ ತೀರ್ಪು ತಂದೆಯ ಪಾಲಿಗೆ ಒಂದು ಬಾಗಿಲಿನಂತೆ ಮುಚ್ಚಿದ್ದಿತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಮಗನು ಮನೆಯಲ್ಲಿ ಉಳಿಯುತ್ತಿದ್ದನೇನೋ. ಆದರೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇತರರ ಮಕ್ಕಳನ್ನು ಯುದ್ಧಕ್ಕೆ ಕರೆಯುತ್ತಿದ್ದ ಕವಿಯು ತನ್ನ ಮಗನನ್ನು ಹಿಂದೆ ಇರಿಸಿಕೊಳ್ಳುವುದೆಂತು? ಮಗನಿಗೂ ಹೋಗಬೇಕೆಂಬ ಹಂಬಲವೇ ಇದ್ದಿತು. ಕಿಪ್ಲಿಂಗನು ತನ್ನ ಹಳೆಯ ಪರಿಚಿತನಾದ ಲಾರ್ಡ್ ರಾಬರ್ಟ್ಸನ ಬಳಿಗೆ ಹೋದನು. ಹಿಂದೆ ಭಾರತದಲ್ಲಿ ದಂಡನಾಯಕನಾಗಿದ್ದ ಈ ವೃದ್ಧನು ಆಗ ಐರಿಷ್ ಗಾರ್ಡ್ಸ್ ಪಟಾಲಮಿನ ಗೌರವ ಕರ್ನಲನು. ಅವನ ಒಂದು ಶಿಫಾರಸಿನಿಂದ ವೈದ್ಯರ ಆಕ್ಷೇಪಣೆಯು ಮೂಲೆಗೆ ಸರಿಯಿತು. ಸೆಪ್ಟೆಂಬರ್ ತಿಂಗಳಿನಲ್ಲಿಯೇ ಜಾನನು ಆ ಪಟಾಲಮಿನಲ್ಲಿ ಕಿರಿಯ ಅಧಿಕಾರಿಯಾದನು. ರಾಬರ್ಟ್ಸನು ತಾನೇ ತನ್ನ ಮಗನನ್ನು ೧೮೯೯ರಲ್ಲಿ ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಕಳೆದುಕೊಂಡವನೆಂಬುದು ಇಲ್ಲಿ ಸ್ಮರಣೀಯವಾಗಿದೆ. ಅದೇ ವರ್ಷದ ನವೆಂಬರಿನಲ್ಲಿ, ಫ್ರಾನ್ಸಿಗೆ ಬಂದಿದ್ದ ಭಾರತೀಯ ಸೈನಿಕರನ್ನು ನೋಡಲು ಹೋದಲ್ಲಿ, ಅವನೂ ಕಾಲವಾದನು.

ಸುಮಾರು ಒಂದು ವರ್ಷ ಕವಾಯತಿನಲ್ಲಿ ಕಳೆಯಿತು. ೧೯೧೫ನೆಯ ಆಗಸ್ಟಿನಲ್ಲಿ ಪಟಾಲಮಿಗೆ ಫ್ರಾನ್ಸಿಗೆ ಹೊರಡುವ ಹುಕುಂ ಬಂದಾಗ ಜಾನನಿಗೆ ಹದಿನೆಂಟು ತುಂಬಿರಲಿಲ್ಲ; ಆದುದರಿಂದ ತಂದೆಯ ಅನುಮತಿಯು ಬೇಕಾಗಿದ್ದಿತು. ಇದು ಕಿಪ್ಲಿಂಗನ ಮುಂದೆ ಬಂದ ಎರಡನೆಯ ಬಾಗಿಲು. ಅದನ್ನೂ ಅವನು ತೆರೆದನು. ಜಾನನಿಗೆ ಹದಿನೆಂಟು ತುಂಬಿದುದು ಈ ಪಯಣದ ದಿನಗಳಲ್ಲಿಯೇ.

ಅಲ್ಲಿಂದ ಮುಂದೆ ಆರು ವಾರಗಳ ಕಾಲ ತಂದೆಮಕ್ಕಳ ನಡುವೆ ಕಾಗದಗಳು ಓಡಾಡಿದುವು. ಅವು ಇಂದಿಗೂ ಉಳಿದಿವೆ. ಅವುಗಳಲ್ಲಿ ದೇಶಭಕ್ತಿಯ ಘೋಷಣೆಗಳಿಲ್ಲ; ಬೇಕುಬೇಡಗಳ ಮಾತೇ ಹೆಚ್ಚು. ಕೈಬಾಂಬುಗಳು ಒಳಕ್ಕೆ ಬೀಳದಂತೆ ಕಂದಕದ ಮೇಲೆ ಮೊಲ ಹಿಡಿಯುವ ತಂತಿಬಲೆಯನ್ನು ಹಾಸಬೇಕೆಂದು ತಂದೆಯು ಉಪಾಯ ಬರೆಯುವನು. ಮಗನೂ ಮನೆಯಿಂದ ಅದು ಬೇಕು, ಇದು ಬೇಕು ಎಂದು ಬರೆಯುವನು. ಅಂಥ ಒಂದು ಕಾಗದದಲ್ಲಿ, ತನ್ನ ಗುರುತಿನ ಬಿಲ್ಲೆಯು ಕಳೆದುಹೋಯಿತೆಂದೂ, ಅಲ್ಯೂಮಿನಿಯಮಿನ ಹೊಸದೊಂದನ್ನು ಹೆಸರು, ಪದವಿ, ಮತಗಳನ್ನು ಕೆತ್ತಿಸಿ ದಾರ ಪೋಣಿಸಿ ಕಳುಹಿಸಬೇಕೆಂದೂ, ಅದರ ಮಾದರಿಯನ್ನು ಸಹ ಬರೆದು ಕೇಳಿದ್ದಾನೆ. ಸತ್ತವನು ಇಂಥವನೆಂದು ತಿಳಿಸಲು ದೇಹದ ಮೇಲಿರುವ ಸಾಧನವೇ ಆ ಬಿಲ್ಲೆ. ಮುಂದೆ ನಡೆದುದನ್ನು ಬಲ್ಲ ನಮಗೆ ಈ ಸಣ್ಣ ಬೇಡಿಕೆಯನ್ನು ಓದುವಾಗ ಎದೆ ಝಲ್ಲೆನ್ನುತ್ತದೆ.

ಸೆಪ್ಟೆಂಬರ್ ೨೫ರಂದು ಲೂಸ್ ಎಂಬಲ್ಲಿ ದೊಡ್ಡ ಕಾಳಗವು ಆರಂಭವಾಯಿತು. ೨೭ರ ಅಪರಾಹ್ನ ಐರಿಷ್ ಗಾರ್ಡ್ಸಿನ ಎರಡನೆಯ ಪಟಾಲಮು ಸುಣ್ಣಕಲ್ಲಿನ ಗಣಿಯ ಪಕ್ಕದ ತೋಪಿನ ಕಡೆಗೆ ನುಗ್ಗಿತು. ಜಾನನಿಗೆ ಅದೇ ಮೊದಲ ಕಾಳಗ. ಅಲ್ಲಿಂದ ಅವನು ಹಿಂದಿರುಗಲಿಲ್ಲ. ಅಕ್ಟೋಬರ್ ೨ರಂದು ಸಸೆಕ್ಸ್ ಪ್ರಾಂತದ ಬೇಟ್‌ಮನ್ಸ್ ಎಂಬ ಅವರ ಮನೆಗೆ ಯುದ್ಧಕಚೇರಿಯಿಂದ ತಂತಿ ಬಂದಿತು: ಗಾಯಗೊಂಡಿದ್ದಾನೆ, ಪತ್ತೆಯಿಲ್ಲ.

‘ಪತ್ತೆಯಿಲ್ಲ’ ಎಂಬ ಮಾತು ಮರಣಕ್ಕಿಂತ ಬೇರೊಂದು ತೆರನಾದ ಯಾತನೆ. ಸತ್ತವನಿಗೆ ಅಳಬಹುದು, ಇದ್ದವನಿಗೆ ಕಾಯಬಹುದು. ಇವೆರಡಕ್ಕೂ ಎಡೆಯಿಲ್ಲದ ಸ್ಥಿತಿಯಲ್ಲಿ ಆ ದಂಪತಿಗಳು ವರ್ಷಗಳನ್ನು ಕಳೆದರು. ಆಸ್ಪತ್ರೆಗಳಿಗೆ ಹೋಗಿ ಗಾಯಾಳುಗಳನ್ನು ವಿಚಾರಿಸಿದರು. ರೆಡ್ ಕ್ರಾಸ್ ಸಂಸ್ಥೆಗೂ, ತಟಸ್ಥ ರಾಷ್ಟ್ರಗಳಲ್ಲಿದ್ದ ಪರಿಚಿತರಿಗೂ ಬರೆದು ಜರ್ಮನಿಯ ಸೆರೆಯಾಳುಗಳ ಪಟ್ಟಿಗಳಲ್ಲಿ ಹೆಸರನ್ನು ಹುಡುಕಿಸಿದರು. ಕಿಪ್ಲಿಂಗನ ಗೆಳೆಯನಾದ ಕಾದಂಬರಿಕಾರ ರೈಡರ್ ಹ್ಯಾಗರ್ಡನೂ ಸಿಪಾಯಿಗಳನ್ನು ಕಂಡು ಕೇಳಿದನು. ಈ ನಡುವೆ, ೧೯೧೫ನೆಯ ನವೆಂಬರಿನಲ್ಲಿ, ಜಾನನಿಗೆ ಲೆಫ್ಟಿನೆಂಟ್ ಪದವಿಗೆ ಬಡ್ತಿಯಾಗಿದೆಯೆಂದು ಸರಕಾರದ ಗ್ಯಾಸೆಟ್ಟಿನಲ್ಲಿ ಪ್ರಕಟವಾಯಿತು. ಕಣ್ಮರೆಯಾದವನಿಗೆ ಬಡ್ತಿ! ದಫ್ತರಗಳು ತಮ್ಮ ನಡಿಗೆಯಲ್ಲಿಯೇ ನಡೆಯುವುವು.

೧೯೧೬ರ ಕೊನೆಯ ಭಾಗದಲ್ಲಿ ಯುದ್ಧಕಚೇರಿಯು, ಜಾನನು ಮೃತನೆಂದು ಇನ್ನು ದಾಖಲೆ ಮಾಡಬಹುದೇ ಎಂದು ತಂದೆಯನ್ನು ಕೇಳಿತು. ಆ ಕ್ರಮವನ್ನು ಮುಂದಕ್ಕೆ ಹಾಕಬೇಕೆಂದು ಅವನು ಉತ್ತರವಿತ್ತನು. ತಾನು ಅನೇಕರನ್ನು ವಿಚಾರಿಸಿದುದಾಗಿಯೂ, ಅವನು ಸತ್ತುದನ್ನು ಕಣ್ಣಾರೆ ಕಂಡವನು ಒಬ್ಬನೂ ಸಿಕ್ಕಲಿಲ್ಲವಾಗಿಯೂ, ಗಾಯವು ಕಾಲಿಗೆ ಆದುದರಿಂದ ಪ್ರಾಣಾಂತಿಕವಾಗಿರಲಾರದಾಗಿಯೂ ಬರೆದನು. ಒಂದೂ ಹೆಚ್ಚಿನ ಮಾತಿಲ್ಲದ, ಕಚೇರಿಯ ಧಾಟಿಯಲ್ಲಿಯೇ ಇರುವ ಉತ್ತರ. ಲೋಕವನ್ನೇ ಮಾತಿನಿಂದ ಮರುಳುಮಾಡಿದವನು ಇಲ್ಲಿ ವಕೀಲನಂತೆ ಸಾಕ್ಷ್ಯವನ್ನು ಎಣಿಸಿ, ಮಗನ ಪ್ರಾಣವನ್ನು ಕಾಗದದಲ್ಲಾದರೂ ಇನ್ನಷ್ಟು ದಿನ ಉಳಿಸಿಕೊಂಡನು. ಕೊನೆಗೆ ೧೯೧೯ರಲ್ಲಿ ಮರಣವು ದಾಖಲೆಯಾಯಿತು.

ಅಷ್ಟರಲ್ಲಿ ಕಿಪ್ಲಿಂಗನು ಕಚೇರಿಯ ಇನ್ನೊಂದು ಪಕ್ಕಕ್ಕೆ ಬಂದಿದ್ದನು. ೧೯೧೭ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗದ ಸದಸ್ಯನಾಗಿ, ಸಮಾಧಿಗಳ ಮೇಲಿನ ಬರವಣಿಗೆಯ ಹೊಣೆಯನ್ನು ಹೊತ್ತನು. ಗುರುತು ಸಿಕ್ಕದ ಯೋಧರ ಕಲ್ಲುಗಳ ಮೇಲೆ, ಇವನನ್ನು ಬಲ್ಲವನು ದೇವರು ಎಂಬರ್ಥದ ಕಿರುವಾಕ್ಯವನ್ನು ಆರಿಸಿಕೊಟ್ಟವನು ಇವನೇ. ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಕಲ್ಲು ಎಂಬ ನಿಯಮಕ್ಕೆ ೧೯೨೦ರಲ್ಲಿ ಪಾರ್ಲಿಮೆಂಟಿನಲ್ಲಿ ವಿರೋಧವೆದ್ದಾಗ ಅವನ ಕಾಗದವೊಂದನ್ನು ಸಭೆಯಲ್ಲಿ ಓದಲಾಯಿತು. ನಮಗೆ ಹೋಗಿ ನೋಡಲು ಸಮಾಧಿಯೇ ಇಲ್ಲ. ತಿಳಿದ ಸ್ಥಳದಲ್ಲಿ ಹೆಸರುಳ್ಳ ಕಲ್ಲಿರುವವರು ತಮ್ಮ ಭಾಗ್ಯವನ್ನು ಅರಿಯರು ಎಂಬುದು ಅದರ ತಾತ್ಪರ್ಯ. ೧೯೨೩ರಲ್ಲಿ ಐರಿಷ್ ಗಾರ್ಡ್ಸಿನ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಅದರಲ್ಲಿ ಮಗನ ಸುದ್ದಿಯು ಇತರರ ಹೆಸರುಗಳ ನಡುವೆ ಕೆಲವೇ ಮಾತುಗಳಲ್ಲಿ ಮುಗಿದಿದೆ.

ಲೂಸಿನ ಕಾಳಗದಲ್ಲಿ ಮಗ್ಗುಲಲ್ಲಿಯೇ ಭಾರತೀಯ ದಂಡುಗಳೂ ಹೋರಾಡಿದುವು. ನ್ಯೂವ್ ಷಾಪೆಲ್ ಎಂಬಲ್ಲಿ ಸಮಾಧಿಯಿಲ್ಲದ ೪,೭೦೦ಕ್ಕೂ ಮಿಕ್ಕ ಭಾರತೀಯರ ಹೆಸರುಗಳುಳ್ಳ ಸ್ಮಾರಕವು ೧೯೨೭ನೆಯ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗ ಕಿಪ್ಲಿಂಗನು ಅಲ್ಲಿದ್ದನು. ಆ ಹೆಸರುಗಳ ಹಿಂದೆಯೂ ತಂದೆತಾಯಿಗಳಿದ್ದರು. ಬಹುಮಂದಿಗೆ ಓದುಬರಹವಿಲ್ಲ; ಯಾರಿಂದಲೋ ಕಾಗದ ಬರೆಸಿ, ಯಾರಿಂದಲೋ ಓದಿಸಿಕೊಂಡು ಕಾದವರು. ಅವರಿಗೆ ಲಾರ್ಡ್ ರಾಬರ್ಟ್ಸನ ಪರಿಚಯವಿರಲಿಲ್ಲ, ಯುದ್ಧಕಚೇರಿಯು ಅವರ ಅಭಿಪ್ರಾಯವನ್ನು ಕೇಳಿದುದೂ ಇಲ್ಲ.

ಕಿಪ್ಲಿಂಗನು ೧೯೩೬ನೆಯ ಜನವರಿ ೧೮ರಂದು ತೀರಿಕೊಂಡನು. ಮಗನ ಹೆಸರು ಲೂಸ್ ಸ್ಮಾರಕದ ಗೋಡೆಯ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ಉಳಿಯಿತು. ೧೯೯೨ರಲ್ಲಿ ಆಯೋಗದವರು ಹಳೆಯ ದಾಖಲೆಗಳನ್ನು ಶೋಧಿಸುತ್ತಿದ್ದಾಗ, ೧೯೧೯ರಲ್ಲಿ ದೊರೆತು ಅನಾಮಿಕನಾಗಿ ಹೂಳಲ್ಪಟ್ಟ ಐರಿಷ್ ಗಾರ್ಡ್ಸಿನ ಲೆಫ್ಟಿನೆಂಟನೊಬ್ಬನ ವಿಷಯವು ಕಣ್ಣಿಗೆ ಬಿದ್ದಿತು. ದೇಹವು ದೊರೆತ ಸ್ಥಳವನ್ನು ಬರೆದುಕೊಂಡವನು ಭೂಪಟದ ಚೌಕದ ಒಂದು ಅಕ್ಷರವನ್ನು ತಪ್ಪಾಗಿ ಬರೆದಿದ್ದನೆಂದೂ, ತಿದ್ದಿದರೆ ಅದು ಜಾನನು ಬಿದ್ದ ಎಡೆಗೆ ಹೊಂದುವುದೆಂದೂ ನಿಶ್ಚಯಿಸಿ, ಸೇಂಟ್ ಮೇರೀಸ್ ಸ್ಮಶಾನದಲ್ಲಿದ್ದ ಆ ಕಲ್ಲಿಗೆ ಜಾನನ ಹೆಸರನ್ನು ಕೊಟ್ಟರು. ಬಡ್ತಿಯು ಪ್ರಕಟವಾಗುವುದಕ್ಕೆ ಮುಂಚೆ ಅವನು ಲೆಫ್ಟಿನೆಂಟಿನ ಚಿಹ್ನೆಯನ್ನು ಧರಿಸಿದ್ದನೇ ಎಂದು ಕೆಲವರು ಆಕ್ಷೇಪಿಸಿದರು. ಮುಂದೆ ಬಂದ ಸಂಶೋಧಕರು ಆಯೋಗದ ಪಕ್ಷವನ್ನೇ ಸಮರ್ಥಿಸಿದರು. ಈ ನಿರ್ಣಯವು ಸರಿಯಾದಲ್ಲಿ, ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮಗನು ತಂದೆಯು ಆರಿಸಿದ ವಾಕ್ಯದ ಕೆಳಗೆಯೇ ಮಲಗಿದ್ದನು.

ಕಿಪ್ಲಿಂಗನನ್ನು ಹಳಿಯುವುದು ಸುಲಭ. ಅರ್ಹನಲ್ಲದವನನ್ನು ಪ್ರಭಾವದಿಂದ ಸೇರಿಸಿದನೆಂಬುದು ನಿಜ. ಆದರೆ ಹೋಗುವೆನೆಂದು ಹಟ ಹಿಡಿದ ಮಗನಿಗೆ ತಂದೆಯಾದವನು ಮಾಡಬಹುದಾದ ಸಹಾಯವೆಂದು ಅವನಿಗೆ ಆಗ ತೋರಿದುದೂ ಅದೇ. ತಡೆಯುವುದು ಪ್ರೀತಿಯೋ, ನೆರವಾಗುವುದು ಪ್ರೀತಿಯೋ ಎಂಬುದು ರುಜು ಹಾಕುವ ಗಳಿಗೆಯಲ್ಲಿ ಯಾವ ತಂದೆಗೂ ತಿಳಿಯದು. ಮಗನಿಗಾಗಿ ಶಿಫಾರಸು ಪಡೆದ ಲೇಖನಿಯಿಂದಲೇ ಅವನು ಮುಂದಿನ ಹದಿನೆಂಟು ವರ್ಷ ಪರರ ಮಕ್ಕಳ ಗೋರಿಗಳಿಗೆ ಮಾತು ಒದಗಿಸಿದನು. ಫ್ರಾನ್ಸಿನ ಆ ಬಯಲುಗಳಲ್ಲಿ ಹೆಸರಿಲ್ಲದ ಕಲ್ಲುಗಳು ಇಂದಿಗೂ ಸಾಲುಸಾಲಾಗಿ ನಿಂತಿವೆ. ಅವನ ಕಿರುವಾಕ್ಯವನ್ನು ಅವುಗಳ ಮೇಲೆ ಈಗಲೂ ಓದಬಹುದು.