ಮುಖ ಕಾಣದ ತರಗತಿಗೆ ಮೇಷ್ಟ್ರು ತಯಾರಾದ ಬಗೆ



2020ರ ಮಾರ್ಚ್ ತಿಂಗಳನ್ನು ನೀವು ಮರೆತಿರಲಾರಿರಿ. ಶಾಲೆ ಕಾಲೇಜುಗಳು ಮುಚ್ಚಿದವು, ಪಾಠ ಮೊಬೈಲಿನ ಪರದೆಗೆ ಬಂತು. ಯುನೆಸ್ಕೊ ಲೆಕ್ಕದಂತೆ ಆ ಏಪ್ರಿಲ್ ಹೊತ್ತಿಗೆ ಸುಮಾರು 190 ದೇಶಗಳಲ್ಲಿ 150 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗುಳಿದಿದ್ದರು. "ಕೇಳಿಸ್ತಾ ಇದೆಯೇನ್ರಪ್ಪಾ?" ಎಂದು ಮೇಷ್ಟ್ರು ನಾಲ್ಕು ಸಲ ಕೇಳಿ, ಉತ್ತರ ಬಾರದೆ, ಕಡೆಗೆ ಗೋಡೆಗೆ ಹೇಳುವಂತೆ ಪಾಠ ಮುಂದುವರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನಗು ತರಿಸಿರಬಹುದು. ಆದರೆ ಅವರ ಕಡೆಯಿಂದ ಒಮ್ಮೆ ಯೋಚಿಸಿ ನೋಡಿ. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವರು ಅವರು. ಎರಡನೇ ಬೆಂಚಿನ ಹುಡುಗಿ ಹುಬ್ಬು ಗಂಟಿಕ್ಕಿದರೆ ಅದೇ ಸಮೀಕರಣವನ್ನು ಇನ್ನೊಮ್ಮೆ ಬಿಡಿಸುತ್ತಿದ್ದರು. ಕೊನೆಯ ಬೆಂಚಿನಲ್ಲಿ ಆಕಳಿಕೆ ಕಂಡರೆ ಒಂದು ಕತೆ ಹೇಳುತ್ತಿದ್ದರು. ಪರದೆಯ ಮೇಲೆ ಅವರಿಗೆ ಕಂಡದ್ದು ನಿಮ್ಮ ಹೆಸರಿನ ಮೊದಲ ಅಕ್ಷರಗಳು.

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮಗೆ ಈ ಕಷ್ಟ ಹಳೆಯ ಪರಿಚಯ. ಸ್ಟುಡಿಯೊಗೆ ಮೊದಲ ಬಾರಿ ಬರುವ ಪ್ರಾಧ್ಯಾಪಕರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ಅವರ ಕಣ್ಣು ಒಂದು ಮುಖಕ್ಕಾಗಿ ಹುಡುಕಾಡುತ್ತದೆ. ಎಷ್ಟೋ ಮಂದಿ ಕ್ಯಾಮೆರಾದ ಪಕ್ಕ ನಿಂತ ಫ್ಲೋರ್ ಮ್ಯಾನೇಜರಿಗೇ ಪಾಠ ಹೇಳತೊಡಗುತ್ತಾರೆ! ಆತ ತಲೆಯಾಡಿಸಿದರೆ ಅವರಿಗೆ ಧೈರ್ಯ.

ಇದನ್ನು ವಿಜ್ಞಾನದ ಭಾಷೆಯಲ್ಲೂ ಹೇಳಬಹುದು. ಮನೆಯ ಮೇಲಿನ ನೀರಿನ ಟ್ಯಾಂಕಿನೊಳಗೆ ತೇಲುವ ಚೆಂಡೊಂದಿರುತ್ತದೆ. ನೀರು ಏರಿದಂತೆ ಅದೂ ಏರಿ ನಲ್ಲಿಯನ್ನು ಮುಚ್ಚುತ್ತದೆ. ಕೆಲಸದ ಫಲವೇ ಹಿಂದಕ್ಕೆ ಬಂದು ಕೆಲಸವನ್ನು ಹತೋಟಿಯಲ್ಲಿಡುವ ಈ ಏರ್ಪಾಡಿಗೆ ಹಿಮ್ಮಾಹಿತಿ ಎಂದು ಹೆಸರು. ತರಗತಿಯಲ್ಲಿ ನಿಮ್ಮ ಮುಖವೇ ಆ ಚೆಂಡು. ದೂರದಿಂದ ಕಲಿಸುವಾಗ ಚೆಂಡು ಕಿತ್ತುಹೋಗಿರುತ್ತದೆ, ನೀರು ಮಾತ್ರ ಸುರಿಯುತ್ತಲೇ ಇರುತ್ತದೆ. ಹಾಗಾದರೆ ದೂರದಿಂದ ಕಲಿಸುವವರಿಗೆ ಕಲಿಸುವುದನ್ನು ಹೇಳಿಕೊಡುವವರು ಯಾರು? ಈ ಪ್ರಶ್ನೆ 2020ರಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ.

ಬ್ರಿಟನ್ನಿನಿಂದ ಹೊರಡೋಣ. 1963ರಲ್ಲಿ ಹೆರಾಲ್ಡ್ ವಿಲ್ಸನ್ ಗ್ಲಾಸ್ಗೊ ನಗರದ ಭಾಷಣವೊಂದರಲ್ಲಿ 'ಆಕಾಶದ ವಿಶ್ವವಿದ್ಯಾಲಯ'ದ ಮಾತೆತ್ತಿದರು. ಮುಂದೆ ಅವರು ಪ್ರಧಾನಿಯಾದಾಗ ಆ ಕನಸನ್ನು ಹಟ ಹಿಡಿದು ನಡೆಸಿದವರು ಸಚಿವೆ ಜೆನ್ನಿ ಲೀ. 1969ರಲ್ಲಿ ಮುಕ್ತ ವಿಶ್ವವಿದ್ಯಾಲಯಕ್ಕೆ ರಾಜಸನ್ನದು ದೊರೆಯಿತು. 1971ರ ಜನವರಿಯಲ್ಲಿ ಸುಮಾರು 24 ಸಾವಿರ ವಿದ್ಯಾರ್ಥಿಗಳೊಂದಿಗೆ ಪಾಠ ಶುರುವಾಯಿತು. ಅಂಚೆಯಲ್ಲಿ ಪಠ್ಯ, ಬಿಬಿಸಿಯ ರೇಡಿಯೊ ಮತ್ತು ಟೆಲಿವಿಷನ್ನಿನಲ್ಲಿ ಕಾರ್ಯಕ್ರಮ. ಸೇರಲು ಹಿಂದಿನ ಪರೀಕ್ಷೆಯ ಅರ್ಹತೆ ಬೇಕಿರಲಿಲ್ಲ.

ಅಲ್ಲಿ ಕಲಿಸಲು ಬಂದವರು ಸಾಮಾನ್ಯ ವಿಶ್ವವಿದ್ಯಾಲಯಗಳ ಅಧ್ಯಾಪಕರೇ. ಕಾಲೇಜಿನಲ್ಲಿ ಒಬ್ಬರ ತರಗತಿಗೆ ಇನ್ನೊಬ್ಬರು ಇಣುಕುವ ಪದ್ಧತಿಯಿಲ್ಲ. ಬಾಗಿಲು ಹಾಕಿಕೊಂಡರೆ ಮೇಷ್ಟ್ರೇ ರಾಜ. ಮುಕ್ತ ವಿಶ್ವವಿದ್ಯಾಲಯ ಆ ಬಾಗಿಲನ್ನೇ ತೆಗೆದುಹಾಕಿತು. ಪ್ರತಿಯೊಂದು ಪಠ್ಯಕ್ರಮಕ್ಕೂ ಒಂದು ತಂಡ. ಅದರಲ್ಲಿ ವಿಷಯ ಬಲ್ಲ ಹಲವರು ಪ್ರಾಧ್ಯಾಪಕರು, ಸಂಪಾದಕರು, ಕಲಿಕೆಯ ಬಗೆಯನ್ನೇ ಅಭ್ಯಾಸ ಮಾಡಿದ ಶಿಕ್ಷಣ ತಂತ್ರಜ್ಞರು, ಜೊತೆಗೆ ಬಿಬಿಸಿಯ ನಿರ್ಮಾಪಕರು. ಒಬ್ಬರು ಬರೆದ ಪಾಠದ ಕರಡು ಎಲ್ಲರ ಕೈಗೂ ಹೋಗುತ್ತಿತ್ತು. ಎಲ್ಲರೂ ಅದರ ಮೇಲೆ ಗೀಚಿ ಹಿಂದಿರುಗಿಸುತ್ತಿದ್ದರು. 'ಇಲ್ಲಿ ವಿದ್ಯಾರ್ಥಿ ಎಡವುತ್ತಾನೆ' ಎಂದು ಸಹೋದ್ಯೋಗಿಯೇ ಹೇಳುವಾಗ ಹೆಸರಾಂತ ಪ್ರಾಧ್ಯಾಪಕರಿಗೆ ಹೇಗಾಗಿರಬೇಡ! ಇಪ್ಪತ್ತೈದು ನಿಮಿಷದ ಕಾರ್ಯಕ್ರಮದಲ್ಲಿ ಏನಿರಬೇಕು, ಏನು ಬೇಡ ಎಂಬ ವಾದದಲ್ಲಿ ನಿರ್ಮಾಪಕನಿಗೂ ಸಮಾನ ಸ್ಥಾನವಿತ್ತು. ನಮ್ಮ ಕಸುಬಿನವನೆಂಬ ಅಭಿಮಾನದಿಂದ ಹೇಳುತ್ತಿಲ್ಲ. ಆ ಜಗಳವೇ ಅಧ್ಯಾಪಕರಿಗೆ ಸಿಕ್ಕ ಮೊದಲ ತರಬೇತಿ ಎಂದು ನನಗನಿಸುತ್ತದೆ. ಅದಕ್ಕೆ ತರಬೇತಿ ಎಂಬ ಹೆಸರೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ.

ಆದರೆ ಈ ತಂಡದವರೂ ವಿದ್ಯಾರ್ಥಿಯ ಮುಖ ನೋಡುತ್ತಿರಲಿಲ್ಲ. ನೋಡುತ್ತಿದ್ದವರು ಬೇರೆ. ಅರೆಕಾಲಿಕ ಬೋಧಕರೆಂದು ಊರೂರಿನಲ್ಲಿ ನೇಮಕವಾದವರು, ಹಗಲು ಬೇರೆ ಕಾಲೇಜುಗಳಲ್ಲಿ ಪಾಠ ಹೇಳುವವರು. ವಿದ್ಯಾರ್ಥಿ ಬರೆದ ನಿಯೋಜಿತ ಪ್ರಬಂಧ ಅಂಚೆಯಲ್ಲಿ ಇವರಿಗೆ ಬರುತ್ತಿತ್ತು. ಇವರು ತಿದ್ದಿ ಕಳಿಸುತ್ತಿದ್ದರು. 'ತಪ್ಪು' ಎಂದು ಕೆಂಪು ಗೆರೆ ಎಳೆಯುವುದು ಒಂದು ಬಗೆ. 'ಮೂರನೇ ಸಾಲಿನವರೆಗೆ ಸರಿಯಾಗಿದೆ, ಅಲ್ಲಿ ಋಣ ಚಿಹ್ನೆ ಬಿಟ್ಟುಹೋಗಿದೆ, ಅಲ್ಲಿಂದ ಮತ್ತೆ ಮಾಡಿ ನೋಡಿ' ಎಂದು ಬರೆಯುವುದು ಇನ್ನೊಂದು ಬಗೆ. ಹಗಲಿಡೀ ಕೆಲಸ ಮಾಡಿ ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಓದುವವನಿಗೆ ಇವೆರಡರ ನಡುವಿನ ವ್ಯತ್ಯಾಸವೇ ಮುಂದುವರಿಯುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸಬಹುದು. ವಿಶ್ವವಿದ್ಯಾಲಯ ಇದನ್ನು ಚೆನ್ನಾಗಿ ಅರಿತಿತ್ತು. ಬೋಧಕರು ತಿದ್ದಿದ ಉತ್ತರಗಳಲ್ಲಿ ಕೆಲವನ್ನು ಆಯ್ದು ಅನುಭವಿಗಳು ಓದುತ್ತಿದ್ದರು, ಆ ತಿದ್ದುಪಡಿಯ ಬಗ್ಗೆಯೇ ಟಿಪ್ಪಣಿ ಬರೆದು ಬೋಧಕರಿಗೆ ಕಳಿಸುತ್ತಿದ್ದರು. ತಿದ್ದುವವರನ್ನು ತಿದ್ದುವುದು! ಟೆಲಿವಿಷನ್ ಕಾರ್ಯಕ್ರಮಗಳಿಗೆ ಹೆಸರು ಬಂತು. ನಿಜವಾದ ಪಾಠ ನಡೆದದ್ದು ಕಾಗದದ ಅಂಚಿನಲ್ಲಿ.

1988ರಲ್ಲಿ ಕಾಗದದ ಅಂಚು ಪರದೆಗೆ ಬಂತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ ತಯಾರಿಸಿದ್ದ 'ಕೋಸಿ' ಎಂಬ ತಂತ್ರಾಂಶವನ್ನು ಬಳಸಿ, ಮಾಹಿತಿ ತಂತ್ರಜ್ಞಾನದ ಒಂದು ಪಠ್ಯಕ್ರಮದಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಮನೆಯ ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸಿ ಬೋಧಕರೊಂದಿಗೆ ಚರ್ಚೆಗಿಳಿದರು. ಇಲ್ಲೊಂದು ಹೊಸ ತೊಡಕು ಕಾಣಿಸಿತು. ಹಲವರು ಬರುತ್ತಿದ್ದರು, ಓದುತ್ತಿದ್ದರು, ಒಂದಕ್ಷರ ಬರೆಯದೆ ಹೊರಟುಹೋಗುತ್ತಿದ್ದರು. ಅಂಚೆಯಲ್ಲಿ ಚೆನ್ನಾಗಿ ತಿದ್ದುತ್ತಿದ್ದ ಬೋಧಕರಿಗೂ ಈ ಮೌನವನ್ನು ಹೇಗೆ ಒಡೆಯಬೇಕೆಂಬುದು ತಿಳಿಯುತ್ತಿರಲಿಲ್ಲ.

ಅದೇ ವಿಶ್ವವಿದ್ಯಾಲಯದ ವ್ಯಾಪಾರ ಶಿಕ್ಷಣ ವಿಭಾಗದಲ್ಲಿದ್ದ ಗಿಲ್ಲಿ ಸ್ಯಾಮನ್ ಈ ಮೌನವನ್ನೇ ಅಭ್ಯಾಸ ಮಾಡಿದರು. 2000ದಲ್ಲಿ ಬಂದ ಅವರ 'ಇ-ಮಾಡರೇಟಿಂಗ್' ಎಂಬ ಪುಸ್ತಕದಲ್ಲಿ ಐದು ಮೆಟ್ಟಿಲುಗಳಿವೆ. ಮೊದಲು ವಿದ್ಯಾರ್ಥಿ ಒಳಗೆ ಬರುವಂತಾಗಬೇಕು. ಎರಡನೆಯದರಲ್ಲಿ ಪರಸ್ಪರ ಪರಿಚಯವಾಗಬೇಕು. ಮೂರನೆಯದರಲ್ಲಿ ಮಾಹಿತಿಯ ವಿನಿಮಯ, ನಾಲ್ಕನೆಯದರಲ್ಲಿ ಒಟ್ಟಾಗಿ ತಿಳಿವು ಕಟ್ಟುವುದು, ಐದನೆಯದರಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲುವುದು. ಪಾಠದ ಮಾತು ಬರುವುದೇ ಮೂರನೇ ಮೆಟ್ಟಿಲಿನಲ್ಲಿ ಎಂಬುದನ್ನು ಗಮನಿಸಿ. ಇದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ಬೋಧಕರ ತರಬೇತಿಯನ್ನೂ ಅವರು ಪರದೆಯ ಮೇಲೆಯೇ ನಡೆಸಿದರು. ಒಳಗೆ ಬರಲಾಗದೆ ಪರದಾಡುವುದು, ಬರೆಯಲು ಅಳುಕುವುದು, ಬರೆದದ್ದಕ್ಕೆ ಎರಡು ದಿನ ಯಾರೂ ಉತ್ತರಿಸದಿದ್ದಾಗ ಪೆಚ್ಚಾಗುವುದು, ಇವೆಲ್ಲ ಬೋಧಕರಿಗೇ ಮೊದಲು ಆಗಬೇಕು. ಈಜು ಕಲಿಸುವವನು ನೀರಿಗಿಳಿಯಬೇಕಲ್ಲವೇ?

ಇನ್ನು ನಮ್ಮ ದೇಶಕ್ಕೆ ಬರೋಣ. ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲೇ ಅಂಚೆ ಮತ್ತು ತೆರಪಿನ ಶಿಕ್ಷಣ ಆರಂಭವಾಗಿತ್ತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 1984ರ ಆಗಸ್ಟ್ 15ರಂದು ಯುಜಿಸಿಯ 'ಕಂಟ್ರಿವೈಡ್ ಕ್ಲಾಸ್‌ರೂಮ್' ದೂರದರ್ಶನದಲ್ಲಿ ಶುರುವಾಯಿತು. ಇನ್ಸಾಟ್ ಉಪಗ್ರಹದ ಮೂಲಕ ದೇಶಕ್ಕೆಲ್ಲ ಒಂದು ಗಂಟೆಯ ಕಾಲೇಜು ಪಾಠ. ನಿಮ್ಮ ಪೋಷಕರನ್ನು ಕೇಳಿ, ಅವರಿಗೆ ನೆನಪಿರಬಹುದು. ಕಾರ್ಯಕ್ರಮಗಳು ಸೊಗಸಾಗಿದ್ದವು, ಬಹುಪಾಲು ಇಂಗ್ಲಿಷಿನಲ್ಲಿದ್ದವು, ಮತ್ತು ಎದುರು ಪ್ರಶ್ನೆ ಕೇಳುವ ದಾರಿಯಿರಲಿಲ್ಲ. ಇವುಗಳನ್ನು ತಯಾರಿಸಲು ವಿಶ್ವವಿದ್ಯಾಲಯಗಳಲ್ಲಿ ಮಾಧ್ಯಮ ಕೇಂದ್ರಗಳು ಬಂದವು, ಮುಂದೆ ಮೈಸೂರಿನಲ್ಲೂ ಒಂದು ಬಂತು. ಅಧ್ಯಾಪಕರು ಕ್ಯಾಮೆರಾ ಎದುರಿಸುವುದನ್ನು ಕಲಿತರು. ಕ್ಯಾಮೆರಾದ ಆಚೆಗಿರುವವರನ್ನು ಎದುರಿಸುವ ಅವಕಾಶ ಅವರಿಗೆ ಬರಲಿಲ್ಲ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1985ರಲ್ಲಿ. 1987ರಲ್ಲಿ ಅದು ತೆರೆದದ್ದು ಎರಡೇ ಪಠ್ಯಕ್ರಮಗಳನ್ನು. ಒಂದು ನಿರ್ವಹಣಾ ಡಿಪ್ಲೊಮಾ. ಇನ್ನೊಂದು ಯಾವುದೆಂದು ಊಹಿಸಬಲ್ಲಿರಾ? ದೂರಶಿಕ್ಷಣದಲ್ಲಿ ಡಿಪ್ಲೊಮಾ! ದೂರದಿಂದ ಕಲಿಸುವುದು ಹೇಗೆಂಬುದನ್ನು ದೂರದಿಂದಲೇ ಕಲಿಸುವ ಪಠ್ಯಕ್ರಮ. ಇದನ್ನು ಜಾಣ ಆಯ್ಕೆಯೆಂದೇ ನಾನು ಎಣಿಸುತ್ತೇನೆ. ಅದೇ ಸುಮಾರಿಗೆ ಯುಜಿಸಿ ದೇಶದ ಹಲವೆಡೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದು, ಸಾಮಾನ್ಯ ಕಾಲೇಜು ಅಧ್ಯಾಪಕರಿಗೆ ಪುನಶ್ಚೇತನ ಶಿಬಿರಗಳನ್ನು ನಡೆಸತೊಡಗಿತು. ಅವು ಎದುರುಬದುರು ಕೂತು ನಡೆಯುವ ಶಿಬಿರಗಳು.

ಕರ್ನಾಟಕದ ಮಟ್ಟಿಗೆ ಒಂದು ತಿರುವನ್ನು ಇಲ್ಲಿ ಹೇಳಲೇಬೇಕು, ಅದು ಶಾಲಾ ಶಿಕ್ಷಕರಿಗೆ ಸಂಬಂಧಿಸಿದ್ದಾದರೂ. 1975-76ರ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಆಗ ಟೆಲಿವಿಷನ್ನಿನಲ್ಲಿ ವಿಜ್ಞಾನ ಬೋಧನೆಯ ತರಬೇತಿ ಸಿಕ್ಕಿತು. ಅವರು ನೋಡಬಹುದಿತ್ತು, ಪೆಟ್ಟಿಗೆಯನ್ನು ಪ್ರಶ್ನೆ ಕೇಳುವಂತಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1996ರ ಜನವರಿಯಲ್ಲಿ, ಇದೇ ರಾಜ್ಯದ 20 ಕೇಂದ್ರಗಳಲ್ಲಿ ಕುಳಿತ ಪ್ರಾಥಮಿಕ ಶಿಕ್ಷಕರು ಉಪಗ್ರಹದಿಂದ ಬರುವ ಪಾಠ ನೋಡಿ, ಫೋನೆತ್ತಿ ಸ್ಟುಡಿಯೊದಲ್ಲಿದ್ದ ತಜ್ಞರನ್ನೇ ಪ್ರಶ್ನಿಸಿದರು. ಚಿತ್ರ ಹೋಗುವುದು ಒಂದೇ ಕಡೆಗೆ, ಮಾತು ಎರಡೂ ಕಡೆಗೆ. ಕಿತ್ತುಹೋಗಿದ್ದ ಚೆಂಡಿಗೆ ಒಂದು ದಾರ ಸಿಕ್ಕಂತಾಯಿತು.

ಕಾಲೇಜು ಅಧ್ಯಾಪಕರಿಗೆ ಆ ದಾರ ಗಟ್ಟಿಯಾದದ್ದು ಮುಂಬಯಿಯ ಪೊವಾಯಿಯಲ್ಲಿ. ಐಐಟಿ ಮುಂಬಯಿಯ ಪ್ರಾಧ್ಯಾಪಕ ದೀಪಕ್ ಫಾಟಕ್ ಅವರ ನೇತೃತ್ವದಲ್ಲಿ, ಹತ್ತು ಸಾವಿರ ಅಧ್ಯಾಪಕರಿಗೆ ತರಬೇತಿ ಎಂಬ ಗುರಿಯ ಯೋಜನೆಯೊಂದು ರಾಷ್ಟ್ರೀಯ ಶಿಕ್ಷಣ ಮಿಷನ್ನಿನ ಹಣದಿಂದ 2009ರ ನಂತರ ನಡೆಯಿತು. ಮೊದಲು ಪ್ರತಿ ಕೇಂದ್ರದ ಒಬ್ಬ ಹಿರಿಯ ಅಧ್ಯಾಪಕರು ಮುಂಬಯಿಗೆ ಹೋಗಿ ತಯಾರಾಗಿ ಬರುವುದು. ಆಮೇಲೆ ದೇಶದ ನೂರಾರು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸುತ್ತಮುತ್ತಲ ಅಧ್ಯಾಪಕರು ಸೇರುವುದು. ಪೊವಾಯಿಯಿಂದ ಉಪನ್ಯಾಸ ಅಂತರಜಾಲದಲ್ಲಿ ನೇರವಾಗಿ ಬರುತ್ತಿತ್ತು. ಪ್ರಯೋಗ, ಅಭ್ಯಾಸಗಳು ಮಾತ್ರ ತಮ್ಮ ತಮ್ಮ ಕೇಂದ್ರದಲ್ಲೇ, ಆ ಹಿರಿಯರ ಮುಂದೆ. ಪ್ರಶ್ನೆಯಿದ್ದ ಕೇಂದ್ರ ಪರದೆಯ ಮೇಲೆ ಕೈಯೆತ್ತಬಹುದಿತ್ತು. ಅಲ್ಲಿಯವರ ಮುಖ, ದನಿ ಎರಡೂ ದೇಶಕ್ಕೆಲ್ಲ ಕಾಣಿಸುತ್ತಿದ್ದವು, ಕೇಳಿಸುತ್ತಿದ್ದವು.

ಅದೇ ಸಂಸ್ಥೆಯ ಶಿಕ್ಷಣ ತಂತ್ರಜ್ಞಾನ ವಿಭಾಗದ ಸಹನಾ ಮೂರ್ತಿ, ಶ್ರೀಧರ್ ಅಯ್ಯರ್ ಮತ್ತು ಸಂಗಡಿಗರು ಅಧ್ಯಾಪಕರಿಗಾಗಿ ನಡೆಸಿದ ಆನ್‌ಲೈನ್ ತರಬೇತಿಗಳಲ್ಲಿ ಒಂದು ಸಣ್ಣ ಉಪಾಯವಿದೆ. ನನಗೆ ಅದು ಬಹಳ ಹಿಡಿಸಿತು. ವೀಡಿಯೊ ಪಾಠ ಐದಾರು ನಿಮಿಷ ನಡೆಯುವಷ್ಟರಲ್ಲಿ ಅಧ್ಯಾಪಕರು ಒಂದು ಪ್ರಶ್ನೆ ಕೇಳಿ, 'ಇಲ್ಲಿ ವೀಡಿಯೊ ನಿಲ್ಲಿಸಿ, ನಿಮ್ಮ ಉತ್ತರ ಬರೆದುಕೊಂಡು ಮುಂದೆ ಬನ್ನಿ' ಎನ್ನುತ್ತಾರೆ. ಮುಂದಿನ ಭಾಗ, ಸಾಮಾನ್ಯವಾಗಿ ಬರುವ ಉತ್ತರಗಳನ್ನೇ ಎತ್ತಿಕೊಂಡು ಸಾಗುತ್ತದೆ. ಹುಬ್ಬು ಎಲ್ಲಿ ಗಂಟಿಕ್ಕುತ್ತದೆ ಎಂಬುದನ್ನು ಅಧ್ಯಾಪಕರು ಮೊದಲೇ ಊಹಿಸಿ ಜಾಗ ಬಿಟ್ಟಿರಬೇಕು. ಹಾಗೆ ಊಹಿಸಲು ವಿಷಯ ಗೊತ್ತಿದ್ದರೆ ಸಾಲದು, ಆ ವಿಷಯದಲ್ಲಿ ಹೊಸಬರು ಎಡವುವ ಜಾಗಗಳೂ ಗೊತ್ತಿರಬೇಕು. ಕ್ಷಣ ಮೌನವಾದರೂ ಗಾಬರಿಯಾಗುವ ನಮ್ಮಂಥ ಟೆಲಿವಿಷನ್ ಜನ ಇಂಥ ವಿರಾಮವನ್ನು ಎಂದೂ ಒಪ್ಪುತ್ತಿರಲಿಲ್ಲವೇನೋ!

2017ರ ಜುಲೈನಲ್ಲಿ 'ಸ್ವಯಂ' ತಾಣ ಉದ್ಘಾಟನೆಯಾಯಿತು. 2018ರ ನವೆಂಬರಿನಲ್ಲಿ 'ಅರ್ಪಿತ್' ಎಂಬ ಪುನಶ್ಚೇತನ ಯೋಜನೆ ಅದೇ ತಾಣದಲ್ಲಿ ಆರಂಭವಾಯಿತು. 75 ಸಂಸ್ಥೆಗಳು ಒಂದೊಂದು ವಿಷಯದ ಹೊಣೆ ಹೊತ್ತವು. ಒಟ್ಟು 40 ಗಂಟೆಯ ಪಾಠ, ಅದರಲ್ಲಿ 20 ಗಂಟೆ ವೀಡಿಯೊ, ಕೊನೆಗೆ ಪರೀಕ್ಷೆ. ಪಾಸಾದರೆ ಬಡ್ತಿಗೆ ಬೇಕಾದ ಪುನಶ್ಚೇತನ ಶಿಬಿರಕ್ಕೆ ಅದು ಸಮ. ಅಧ್ಯಾಪಕರು ಪರದೆಯ ಮುಂದೆ ವಿದ್ಯಾರ್ಥಿಗಳಾದರು, ಅದು ಒಳ್ಳೆಯದೇ. ಆದರೆ ಬಡ್ತಿಯ ಸಲುವಾಗಿ ಪರೀಕ್ಷೆ ಬರೆಯುವುದಕ್ಕೂ, ತಾವು ಕೇಳಿದ ಪ್ರಶ್ನೆಗೆ ಉತ್ತರ ಕಾಯುತ್ತ ಕೂರುವುದಕ್ಕೂ ಅಂತರವಿದೆ. ಮೊದಲನೆಯದನ್ನು ಲೆಕ್ಕ ಹಾಕುವುದು ಸುಲಭ. ಅದಕ್ಕೇ ಇಲಾಖೆಗಳಿಗೆ ಅದು ಪ್ರಿಯ.

2020 ಬಂದಾಗ ಇಂಥ ಶಿಬಿರಗಳಲ್ಲಿ ಪಳಗಿದವರೂ ಇದ್ದರು, ಕ್ಯಾಮೆರಾದ ಮುಖವನ್ನೇ ಕಾಣದವರೂ ಇದ್ದರು. ಎಲ್ಲರಿಗೂ ಸಿಕ್ಕ ಕಾಲಾವಕಾಶ ಕೆಲವೇ ದಿನ. ಬಹಳಷ್ಟು ಕಡೆ ಸಿಕ್ಕ ತರಬೇತಿಯೂ ಯಾವ ಗುಂಡಿ ಒತ್ತಬೇಕೆಂಬುದರಷ್ಟೇ. ತಾವೇ ದಾರಿ ಹುಡುಕಿಕೊಂಡವರು ಕಡಿಮೆಯಿಲ್ಲ. ರಾತ್ರಿ ವಾಟ್ಸಾಪಿನಲ್ಲಿ ವಿದ್ಯಾರ್ಥಿಗಳ ಲೆಕ್ಕದ ಫೋಟೊ ತರಿಸಿಕೊಂಡು ತಿದ್ದಿದ ಮೇಷ್ಟ್ರು, ಮೇಡಂಗಳು ಗೊತ್ತಿಲ್ಲದೆಯೇ 1971ರ ಆ ಅರೆಕಾಲಿಕ ಬೋಧಕರ ಕೆಲಸವನ್ನೇ ಮಾಡುತ್ತಿದ್ದರು.

ಇದು ನಿಮಗೇಕೆ ಮುಖ್ಯ ಎನ್ನುವಿರಾದರೆ, ಯುಜಿಸಿಯ 2021ರ ನಿಯಮದಂತೆ ಒಂದು ಪದವಿ ಪಠ್ಯಕ್ರಮದಲ್ಲಿ ಒಂದು ಅವಧಿಗೆ ಶೇಕಡಾ 40ರವರೆಗೆ ಪಾಠಗಳನ್ನು ಸ್ವಯಂ ತಾಣದಲ್ಲಿ ಓದಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. 2016ರಲ್ಲಿ ಈ ಮಿತಿ ಶೇಕಡಾ 20 ಇತ್ತು. ಆ ತಾಣದ ಪ್ರತಿ ಪಾಠಕ್ಕೂ ನಾಲ್ಕು ಅಂಗಗಳಿವೆ: ವೀಡಿಯೊ, ಓದುವ ಸಾಮಗ್ರಿ, ಪರೀಕ್ಷೆ, ಚರ್ಚಾ ವೇದಿಕೆ. ಮೊದಲ ಮೂರಕ್ಕೆ ಒಮ್ಮೆ ತಯಾರಿಸಿದರೆ ಆಯಿತು. ನಾಲ್ಕನೆಯದಕ್ಕೆ ಪ್ರತಿದಿನ ಒಬ್ಬರು ಮನುಷ್ಯರು ಬೇಕು.

2023ರ ಸೆಪ್ಟೆಂಬರ್ 5ರಂದು ಮಾಳವೀಯ ಮಿಷನ್ ಎಂಬ ಹೆಸರಿನಲ್ಲಿ ಅಧ್ಯಾಪಕರ ತರಬೇತಿಯ ಹೊಸ ಕಾರ್ಯಕ್ರಮ ಆರಂಭವಾಗಿದೆ. ಹಳೆಯ ಸ್ಟಾಫ್ ಕಾಲೇಜುಗಳು ಈಗ ಅದರ ಕೇಂದ್ರಗಳು. ಅನೇಕ ಶಿಬಿರಗಳು ಆನ್‌ಲೈನ್‌ನಲ್ಲೇ ನಡೆಯುತ್ತವೆ. ನಿಮ್ಮ ಅಧ್ಯಾಪಕರಲ್ಲಿ ಯಾರಾದರೂ ಅಂಥದೊಂದನ್ನು ಮುಗಿಸಿದ್ದರೆ, ಬಿಡುವಿನ ವೇಳೆ ಕೇಳಿ ನೋಡಿ: "ಸಾರ್, ಅಲ್ಲಿ ನೀವು ಎಷ್ಟು ಪ್ರಶ್ನೆ ಕೇಳಿದಿರಿ? ಉತ್ತರ ಬರಲು ಎಷ್ಟು ಹೊತ್ತಾಯಿತು?"