ಬೇಸರದ ಹಸಿವು

ಮಧ್ಯಾಹ್ನದ ಊಟ ಮುಗಿದು ಒಂದು ಗಂಟೆಯೂ ಕಳೆದಿರುವುದಿಲ್ಲ. ಓದಲೆಂದು ಹಿಡಿದ ಪುಸ್ತಕ ಮಡಿಲಲ್ಲಿಯೇ ಇದೆ. ಗಡಿಯಾರದ ಮುಳ್ಳು ಮುಂದೆ ಸರಿಯಲೊಲ್ಲದು. ಆಗ ಕಾಲು ತಾನಾಗಿಯೇ ಅಡುಗೆಮನೆಯ ಕಡೆಗೆ ನಡೆಯುತ್ತದೆ. ಡಬ್ಬಿಯ ಮುಚ್ಚಳ ತೆರೆದು ಎರಡು ಕೋಡುಬಳೆ ತಿಂದ ಮೇಲೆಯೇ ನಮಗೆ ಅರಿವಾಗುವುದು, ಹಸಿವು ಇರಲೇ ಇಲ್ಲವೆಂದು. ಹೊತ್ತು ಹೋಗಲಿಲ್ಲ, ಏನೋ ಬಾಯಾಡಿಸಿದೆ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಇದು ಬಿಡುವೂ ತಿಂಡಿಯೂ ಹೆಚ್ಚಿದ ನಮ್ಮ ಕಾಲದ ಚಾಳಿಯೆಂದು ಅನೇಕರ ಎಣಿಕೆ. ಆದರೆ ಬೇಸರದಿಂದ ಹುಟ್ಟುವ ಈ ಹಸಿವನ್ನು ಸೂಕ್ಷ್ಮವಾಗಿ ಕಂಡು ಬರೆದಿಟ್ಟವರು, ತಿನ್ನಲು ಹೆಚ್ಚೇನೂ ಇಲ್ಲದ ಮರುಭೂಮಿಯಲ್ಲಿ ಬಾಳಿದ ವಿರಕ್ತರು.

ಅದು ಕ್ರಿ.ಶ. ನಾಲ್ಕನೆಯ ಶತಮಾನ. ಈಜಿಪ್ಟಿನಲ್ಲಿ ನೈಲ್ ನದಿಯ ಪಶ್ಚಿಮಕ್ಕಿರುವ ನೈಟ್ರಿಯಾ, ಕೆಲ್ಲಿಯಾ, ಸ್ಕೀಟಿಸ್ ಎಂಬ ನಿರ್ಜನ ಎಡೆಗಳಲ್ಲಿ ಕ್ರೈಸ್ತ ವಿರಕ್ತರು ಹೋಗಿ ನೆಲೆಸಿದ್ದರು. ವಾಸಕ್ಕೆ ಪುಟ್ಟ ಕುಟೀರ, ಕೈಗೆ ಗರಿಗಳಿಂದ ಹಗ್ಗ ಹೊಸೆಯುವ, ಬುಟ್ಟಿ ಹೆಣೆಯುವ ಕೆಲಸ, ನಾಲಗೆಗೆ ಪ್ರಾರ್ಥನೆ. ಊಟ ಸಾಮಾನ್ಯವಾಗಿ ದಿನಕ್ಕೊಮ್ಮೆ, ಸೂರ್ಯೋದಯದಿಂದ ಎಣಿಸಿ ಒಂಬತ್ತನೆಯ ಗಂಟೆಗೆ; ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ. ಹಿರಿಯರು ಗೊತ್ತುಮಾಡಿದ ಅಳತೆ ಎರಡು ಒಣರೊಟ್ಟಿ. ಎರಡೂ ಸೇರಿ ಒಂದು ರೋಮನ್ ಪೌಂಡು, ಎಂದರೆ ಸುಮಾರು 325 ಗ್ರಾಂ, ತೂಗುವುದೂ ಕಷ್ಟವೇ.

ಕಾನ್‌ಸ್ಟಾಂಟಿನೋಪಲ್ ನಗರದ ವೈಭವವನ್ನು ಕಂಡು, ಅದನ್ನು ತೊರೆದು ಇಲ್ಲಿಗೆ ಬಂದ ಇವಾಗ್ರಿಯಸ್ ಎಂಬ ವಿದ್ವಾಂಸ 399ರಲ್ಲಿ ಕೆಲ್ಲಿಯಾದಲ್ಲಿ ತೀರಿಕೊಂಡನು. ಮನುಷ್ಯನನ್ನು ಕಾಡುವ ಕೆಟ್ಟ ಯೋಚನೆಗಳು ಎಂಟು ಎಂದು ಅವನು ಪಟ್ಟಿಮಾಡಿದ. ಅವುಗಳಲ್ಲಿ ಮೊದಲನೆಯದು ಹೊಟ್ಟೆಬಾಕತನ. ಆರನೆಯದಕ್ಕೆ ಗ್ರೀಕ್ ಭಾಷೆಯಲ್ಲಿ 'ಅಕೇಡಿಯಾ' ಎಂದು ಹೆಸರು. ಯಾವುದರಲ್ಲಿಯೂ ಆಸ್ಥೆ ಇಲ್ಲದಿರುವುದು ಎಂದು ಅದರ ಅರ್ಥ. ನಮ್ಮ 'ಬೇಸರ' ಅದಕ್ಕೆ ಬಹಳ ಹತ್ತಿರದ ಮಾತು. ಇವಾಗ್ರಿಯಸ್ ಇದನ್ನು ನಡುಹಗಲಿನ ದೆವ್ವವೆಂದು ಕರೆದ. ಬೆಳಿಗ್ಗೆ ಹತ್ತರ ಹೊತ್ತಿಗೆ ಅದು ಮೆಟ್ಟಿಕೊಳ್ಳುತ್ತದೆ. ಸೂರ್ಯ ಕದಲದೆ ನಿಂತಂತೆಯೂ ಹಗಲಿಗೆ ಐವತ್ತು ಗಂಟೆಗಳಿರುವಂತೆಯೂ ತೋರುತ್ತದೆ. ವಿರಕ್ತ ಮತ್ತೆ ಮತ್ತೆ ಹೊರಗೆ ಬಂದು ಆಕಾಶ ನೋಡುತ್ತಾನೆ, ಒಂಬತ್ತನೆಯ ಗಂಟೆಗೆ ಇನ್ನೆಷ್ಟು ಹೊತ್ತು ಎಂದು. ಒಂಬತ್ತನೆಯ ಗಂಟೆ ಊಟದ ಗಂಟೆಯೆಂಬುದನ್ನು ನಾವು ಮರೆಯಬಾರದು.

ಈ ಚಿತ್ರಕ್ಕೆ ಹಸಿವನ್ನು ಸ್ಪಷ್ಟವಾಗಿ ಸೇರಿಸಿದವನು ಜಾನ್ ಕ್ಯಾಸಿಯನ್. ಈಜಿಪ್ಟಿನ ಹಿರಿಯರ ನಡುವೆ ಹಲವು ವರ್ಷ ಇದ್ದು, ಮುಂದೆ ಐದನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಾರ್ಸೇ ನಗರದಲ್ಲಿ ನೆಲಸಿದ ಇವನು, ಕಂಡುಕೇಳಿದುದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ. ಬೇಸರ ಹಿಡಿದವನಿಗೆ ನಡುಹಗಲಿನಲ್ಲಿ ದೂರದ ದಾರಿ ನಡೆದುಬಂದಂತೆ ಆಯಾಸವಾಗುತ್ತದೆ, ಎರಡು ಮೂರು ದಿನ ಉಪವಾಸವಿದ್ದಂತೆ ಹಸಿವಾಗುತ್ತದೆ ಎನ್ನುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕ್ಯಾಸಿಯನ್ ಈ ಹಸಿವನ್ನು ವರ್ಣಿಸಿದ್ದು ಹೊಟ್ಟೆಬಾಕತನದ ಅಧ್ಯಾಯದಲ್ಲಿ ಅಲ್ಲ, ಬೇಸರದ ಅಧ್ಯಾಯದಲ್ಲಿ. ರೋಗ ಬೇರೆಯೆಂದು ತಿಳಿದಿದ್ದುದರಿಂದಲೇ ಅವನು ಮದ್ದನ್ನೂ ಬೇರೆ ಕಡೆ ಹುಡುಕಿದ.

2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಈ ಹಳೆಯ ತಿಳಿವಿಗೆ ಸಾಕ್ಷಿ ನುಡಿಯುತ್ತದೆ. ಒಂದೇ ತುಣುಕು ಚಿತ್ರವನ್ನು ಮತ್ತೆ ಮತ್ತೆ ನೋಡಿ ಬೇಸತ್ತವರು ಚಾಕೊಲೇಟನ್ನು ಹೆಚ್ಚು ತಿಂದರು. ತಿಂಡಿಯ ಬದಲು ವಿದ್ಯುತ್ತಿನ ಆಘಾತವನ್ನು ಇಟ್ಟಾಗ, ಅದನ್ನೂ ತಾವೇ ಹೆಚ್ಚು ಬಾರಿ ಕೊಟ್ಟುಕೊಂಡರು. ಬೇಸರಕ್ಕೆ ಬೇಕಾದದ್ದು ರುಚಿಗಿಂತ ಹೆಚ್ಚಾಗಿ ಒಂದು ಬದಲಾವಣೆ ಎಂದಾಯಿತು.

ಮದ್ದೇನು? ಬಾಯಿಗೆ ಬೀಗ ಹಾಕುವುದೇ ಎಂದು ನಾವು ಥಟ್ಟನೆ ಹೇಳುತ್ತೇವೆ. ಮರುಭೂಮಿಯ ಹಿರಿಯರು ಹಾಗೆ ಹೇಳಲಿಲ್ಲ. ಅತಿಯಾದ ಉಪವಾಸವೂ ಅತಿಯಾದ ಊಟವೂ ಒಂದೇ ಕೇಡಿಗೆ ಒಯ್ಯುತ್ತವೆ, ನಿತ್ಯವೂ ಒಂದೇ ಅಳತೆಯಲ್ಲಿ ಉಣ್ಣುವುದು ಮೇಲು ಎಂದು ಮೋಸೆಸ್ ಎಂಬ ಹಿರಿಯ ಬೋಧಿಸಿದ. ಅವನೇ ಹೇಳಿದ ಸೆರಾಪಿಯನ್ ಎಂಬ ಹುಡುಗನ ಕತೆಯೊಂದಿದೆ. ಅದರಲ್ಲಿ ಬೇಸರದ ಮಾತಿಲ್ಲ. ಆದರೆ ಚಾಳಿಯ ಸ್ವಭಾವವಿದೆ. ಥಿಯೋನಸ್ ಎಂಬ ಗುರುವಿನೊಡನೆ ಊಟ ಮುಗಿಸಿದ ಮೇಲೆ ಹುಡುಗ ದಿನವೂ ಒಂದು ರೊಟ್ಟಿಯನ್ನು ಉಡುಪಿನೊಳಗೆ ಬಚ್ಚಿಟ್ಟುಕೊಂಡು ಆಮೇಲೆ ಕದ್ದು ತಿನ್ನುತ್ತಿದ್ದ. ತಿಂದ ಸುಖಕ್ಕಿಂತ ಕದ್ದ ಸಂಕಟವೇ ದೊಡ್ಡದು. ಆದರೂ ಮಾರನೆಯ ದಿನ ಕೈ ತಡೆಯದು. ಒಂದು ದಿನ ಬಂದವರೊಡನೆ ಗುರು ಹೊಟ್ಟೆಬಾಕತನದ ವಿಷಯವಾಗಿ ಮಾತನಾಡುತ್ತಿದ್ದಾಗ ಹುಡುಗ ಬಿಕ್ಕಿ ಬಿಕ್ಕಿ ಅತ್ತು, ಎದೆಯಲ್ಲಿದ್ದ ರೊಟ್ಟಿಯನ್ನು ತೆಗೆದು ಎಲ್ಲರೆದುರು ಇಟ್ಟುಬಿಟ್ಟ. ಗುರು ಶಿಕ್ಷಿಸಲಿಲ್ಲ. ನೀನು ಹೇಳಿಕೊಂಡದ್ದರಿಂದಲೇ ಬಿಡುಗಡೆಯಾಯಿತು ಎಂದ. ಚಾಳಿ ಮತ್ತೆ ಮರಳಲಿಲ್ಲವಂತೆ. ಗುಟ್ಟಾಗಿ ತಿನ್ನುವವನಿಗೆ ನಾಚಿಕೆಯೇ ಮರುದಿನದ ಹಸಿವಾಗುತ್ತದೆ ಎಂಬುದನ್ನು ಆ ಗುರು ಬಲ್ಲವನಾಗಿದ್ದ.

ಬೇಸರಕ್ಕೆ ಕ್ಯಾಸಿಯನ್ ಒತ್ತಿ ಹೇಳಿದ ಮದ್ದು ಕೈಕೆಲಸ. ಪಾಲ್ ಎಂಬ ವಿರಕ್ತನನ್ನು ಅವನು ನಿದರ್ಶನವಾಗಿ ಕೊಡುತ್ತಾನೆ. ಖರ್ಜೂರದ ಮರಗಳೂ ಸಣ್ಣ ತೋಟವೂ ಪಾಲ್‌ನ ಹೊಟ್ಟೆಗೆ ಸಾಕಾಗಿದ್ದವು. ಊರು ಏಳು ದಿನಗಳ ದಾರಿ. ಹೆಣೆದುದನ್ನು ಸಾಗಿಸುವ ಕೂಲಿಯೇ ಬೆಲೆಗಿಂತ ಹೆಚ್ಚು. ಆದರೂ ಅವನು ದಿನದಿನವೂ ಗರಿ ತಂದು, ಇಷ್ಟು ಕೆಲಸವೆಂದು ಗೊತ್ತುಮಾಡಿಕೊಂಡು ಮುಗಿಸುತ್ತಿದ್ದ. ವರ್ಷ ತುಂಬಿ ಗುಹೆ ತುಂಬಿದಾಗ ಎಲ್ಲಕ್ಕೂ ಬೆಂಕಿಯಿಟ್ಟು ಮತ್ತೆ ಮೊದಲುಮಾಡುತ್ತಿದ್ದ. ನಮ್ಮ ಕಣ್ಣಿಗೆ ಇದು ಹುಚ್ಚಾಟವೆನಿಸಬಹುದು. ನನಗೂ ಮೊದಲು ಹಾಗೆಯೇ ಎನಿಸಿತ್ತು. ಆದರೆ ಪಾಲ್‌ಗೆ ಬೇಕಾಗಿದ್ದುದು ಬುಟ್ಟಿಯ ಬೆಲೆಯಲ್ಲ. ಒಂದು ಹಗಲನ್ನು ಕೊನೆಮುಟ್ಟಿಸುವ ಬಗೆ.

ಮುಂದೆ ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ದೋಷಗಳ ಪಟ್ಟಿಯನ್ನು ತಿದ್ದಿದಾಗ ಅಕೇಡಿಯಾ ಎಂಬ ಹೆಸರು ಅದರಿಂದ ಬಿದ್ದುಹೋಯಿತು. ಕಾಲಾಂತರದಲ್ಲಿ ಅದರ ಜಾಗಕ್ಕೆ ಸೋಮಾರಿತನವೆಂಬ ಹೆಸರು ಬಂತು. ಹೆಸರು ಬದಲಾದಂತೆ ಕನಿಕರವೂ ಕಡಿಮೆಯಾಯಿತೆಂದು ತೋರುತ್ತದೆ. ಬೇಸತ್ತು ಡಬ್ಬಿಗೆ ಕೈಹಾಕುವವರನ್ನು ನಾವು ಇಂದಿಗೂ ಬಾಯಿಚಪಲದವರೆಂದೋ ಸೋಮಾರಿಗಳೆಂದೋ ಜರೆಯುತ್ತೇವೆ. ನಿವೃತ್ತರಾಗಿ ಮನೆಯಲ್ಲಿ ಕುಳಿತ ಹಿರಿಯರನ್ನೂ, ಮಕ್ಕಳು ದೂರವಾಗಿ ಒಂಟಿಯಾದ ತಾಯಂದಿರನ್ನೂ ಬಿಡುವುದಿಲ್ಲ. ಅವರ ಕೈಯಿಂದ ಡಬ್ಬಿಯನ್ನು ಕಸಿದುಕೊಳ್ಳುವ ಮೊದಲು, ಆ ಕೈಗೆ ಹಿಡಿಸುವ ಕೆಲಸವೇನು, ಅವರ ಮಾತನ್ನು ಕೇಳುವವರು ಯಾರು ಎಂದು ವಿಚಾರಿಸುವುದು ಒಳಿತು.